ಹರಾಜು ಕೂಗುವ ಗಂಟಲು

ಅತ್ತಿಗೆ ಬಂದೂಕನ್ನು ಭುಜಕ್ಕೇರಿಸಿ "ಬಾ" ಎಂದಳು. ತಟ್ಟೆ ಬರಲಿಲ್ಲ. ಕಾಲ ಮುಂದೆ ನೆಲಕ್ಕೆ ಊರಿದ್ದ ಮೈಕಿಗೆ ದನಿ ಮುಟ್ಟಿದರೆ ಮಾತ್ರ ಎದುರಿನ ಕಂದಕದೊಳಗಿನ ಯಂತ್ರ ಮಣ್ಣಿನ ತಟ್ಟೆಯನ್ನು ಆಕಾಶಕ್ಕೆ ಎಸೆಯುತ್ತದೆ. ಅವಳ ಬಾಯಿಂದ ಹೊರಟದ್ದು ದನಿಯಲ್ಲ, ಬರಿಯ ಗಾಳಿ. ಅಂತರರಾಷ್ಟ್ರೀಯ ಕ್ರೀಡಾಕೂಟದಲ್ಲಿ, ಹಾರುವ ತಟ್ಟೆಗೆ ಗುಂಡು ಹೊಡೆಯುವ ಸ್ಪರ್ಧೆಯ ಫೈನಲ್ ಇನ್ನೇನು ಆರಂಭವಾಗುವುದರಲ್ಲಿತ್ತು. ಮೀನುಕಟ್ಟೆಯಲ್ಲಿ ಹರಾಜು ಕೂಗಿ ಬದುಕುವ ಹೆಂಗಸಿನ ಗಂಟಲು, ಹಿಂದಿನ ಸಂಜೆ ತಮ್ಮ ದೇಶದ ವಾಲಿಬಾಲ್ ತಂಡವನ್ನು ಹುರಿದುಂಬಿಸಲು ಹೋಗಿ ಕೂತುಬಿಟ್ಟಿತ್ತು.

"ದೋಣಿ ದಡ ಮುಟ್ಟೋ ಮುಂಚೆ ಊರಿಗೆಲ್ಲ ಕೇಳೋ ಹಾಗೆ ಕೂಗೋರು ನೀವು," ಎಂದಳು ನಾದಿನಿ, ಬಿಸಿನೀರಿನ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ. ಅತ್ತಿಗೆಗೆ ಬಂದೂಕು ಹಿಡಿಯಲು ಕಲಿಸಿದವಳೂ, ಇಂದಿಗೂ ಬೆನ್ನ ಹಿಂದೆ ನಿಂತು ತಿದ್ದುವವಳೂ ಅವಳೇ. "ಇವತ್ತು ಒಂದೇ ಒಂದು ಅಕ್ಷರಕ್ಕೆ ಗತಿಯಿಲ್ಲ. ಹೋಗಬೇಡಿ ಅಂತ ಬಡ್ಕೊಂಡೆ."

"ಗೆದ್ರಲ್ಲ," ಎಂದು ಅತ್ತಿಗೆ ಪಿಸುಗುಟ್ಟಿದಳು.

"ಅಣ್ಣಂಗೆ ಫೋನಲ್ಲಿ ಹೇಳಿದೆ. ಮದುವೆಯಾದಾಗಿಂದ ಇಂಥ ದಿನಕ್ಕೇ ಕಾಯ್ತಿದ್ದೆ ಅಂದ."

"ನಾಳೆ ಎಲ್ಲಾ ಸೇರಿಸಿ ಬೈತೀನಿ ಅಂತ ಹೇಳು ನಿಮ್ಮಣ್ಣಂಗೆ."

ಯಂತ್ರ ನೋಡಿಕೊಳ್ಳುವವನು ಮಂಡಿಯೂರಿ ಕೂತು, ಮೈಕಿನ ಹಿಂಬದಿಯ ಸಣ್ಣ ತಿರುಪನ್ನು ತಿರುಗಿಸಿದ. "ಇದರ ಕಿವಿ ಚುರುಕು ಮಾಡಿದ್ದೀನಿ. ಈಗ ನಿಮ್ಮ ಪಿಸುಮಾತೂ ಕೇಳುತ್ತೆ, ಬೇರೆಯವರ ಸದ್ದೂ ಕೇಳುತ್ತೆ. ನೀವು ಕರೆಯದೇನೇ ತಟ್ಟೆ ಹಾರಿದ್ರೆ ಸುಮ್ಮನೆ ಬಿಟ್ಬಿಡಿ, ಬೇರೆ ಕೊಡ್ತಾರೆ. ಗುಂಡು ಹಾರಿಸಿದ್ರೋ, ಒಡೆದ್ರೂ ತಪ್ಪಿದ್ರೂ ಅದೇ ಲೆಕ್ಕ."

ಅತ್ತಿಗೆ ತಿರುಗಿ ನಾದಿನಿಯ ಬಾಯಿಯನ್ನೇ ದಿಟ್ಟಿಸಿದಳು. ಯಾರದೇ ಆಗಲಿ, ತಟ್ಟೆಯೊಂದು ಒಡೆಯದೆ ಉಳಿದರೆ ಆ ಬಾಯಿ ತಾನಾಗಿ ಲೊಚಗುಟ್ಟುತ್ತಿತ್ತು. ಅಭ್ಯಾಸದ ಮೈದಾನದಲ್ಲಿ ಅತ್ತಿಗೆ ವರ್ಷಗಟ್ಟಲೆ ಕೇಳಿ ಬೇಸತ್ತ ಸದ್ದು ಅದು.

"ನಾನೇನು ಮಾಡ್ಲಿ ಅತ್ತಿಗೆ? ನಾಲಿಗೆ ನನ್ನ ಕೇಳಿ ಹೊಡ್ಕೊಳಲ್ಲ. ನೀವು ತಪ್ಪಬೇಡಿ, ಅಷ್ಟೆ."

"ನಾನು ತಪ್ಪಲ್ಲ," ಎಂದಳು ಅತ್ತಿಗೆ. ಗಂಟಲಿಲ್ಲದಿದ್ದರೂ ಆ ಮಾತಿನಲ್ಲಿ ಕಟ್ಟೆಯ ಮೇಲೆ ಬುಟ್ಟಿಗೆ ಬೆಲೆ ಕಟ್ಟುವವಳ ಗತ್ತಿತ್ತು.

ಮಿಕ್ಕವರು ಒಬ್ಬೊಬ್ಬರಾಗಿ ಹಿಂದೆ ಸರಿದು, ಕೊನೆಗೆ ಇಬ್ಬರೇ ಸರಿಸಮನಾಗಿ ಉಳಿದರು: ಅತ್ತಿಗೆ, ಮತ್ತು ಕಳೆದ ಕೂಟದ ಚಿನ್ನವನ್ನು ಮನೆಗೊಯ್ದಿದ್ದ ಬಿಳಿ ಟೋಪಿಯವಳು. ಇನ್ನು ಸರದಿಯ ಮೇಲೆ ಒಂದೊಂದೇ ತಟ್ಟೆ. ಒಬ್ಬಳು ತಪ್ಪಿ ಇನ್ನೊಬ್ಬಳು ಒಡೆದರೆ ಚಿನ್ನ ಅವಳದು. ಬಿಳಿ ಟೋಪಿಯವಳು ಒಡೆದಳು. ಅತ್ತಿಗೆಯೂ ಒಡೆದಳು. ಪ್ರತಿ "ಬಾ" ಗಂಟಲಿನ ತಳವನ್ನು ಕೆರೆದುಕೊಂಡು ಹೊರಬರುತ್ತಿತ್ತು. ಪ್ರತಿ ಸಲವೂ ಅವಳ ಕುತ್ತಿಗೆಯ ನರ ಉಬ್ಬುವುದನ್ನು ನಾದಿನಿ ಹತ್ತಿರದ ಬೇಲಿಯ ಪಕ್ಕದ ಕುರ್ಚಿಯಿಂದ ನೋಡುತ್ತಿದ್ದಳು. ಇನ್ನೊಂದು ಕರೆಗೆ ದನಿ ಉಳಿದಿದ್ದರೆ ಅದೇ ಹೆಚ್ಚು. ಕರೆಯಲಾಗದೆ ನಿಂತರೆ, ಗುರಿ ತಪ್ಪಿದಂತೆಯೇ ಲೆಕ್ಕ.

ಮತ್ತೆ ಬಿಳಿ ಟೋಪಿಯವಳ ಸರದಿ. ತಟ್ಟೆ ಎಡಕ್ಕೆ ಹಾರಿತು, ಗುಂಡು ಮೊಳಗಿತು. ಅತ್ತಿಗೆ ಪಕ್ಕದ ಜಾಗದಲ್ಲಿ ಆಗಲೇ ಬಂದೂಕನ್ನು ಭುಜಕ್ಕೆ ಒತ್ತಿ ನಿಂತಿದ್ದಳು. ಆ ಗುಂಡಿನೊಡನೆ ಸರದಿ ಇತ್ತ ದಾಟಿ, ಅವಳ ಮೈಕು ಎಚ್ಚರಗೊಂಡಿತ್ತು. ಎಡಕ್ಕೆ ಹಾರಿದ ತಟ್ಟೆಗೆ ಒಂದು ಚೂರೂ ಮುಕ್ಕಾಗಲಿಲ್ಲ. ಅದು ಹಾಗೆಯೇ ತೇಲಿ, ದೂರದ ಹುಲ್ಲಿನ ಮೇಲೆ ಇಳಿಯಿತು.

"ಲೊಚ್," ಎಂದಿತು ನಾದಿನಿಯ ನಾಲಿಗೆ.

ಅತ್ತಿಗೆಯ ತುಟಿ ಇನ್ನೂ ತೆರೆದಿರಲಿಲ್ಲ. ಎದುರಿನ ಕಂದಕದಿಂದ ತಟ್ಟೆ ಚಿಮ್ಮಿತು.

ನಾದಿನಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು, ಆಡಿದ ಸದ್ದನ್ನು ಮತ್ತೆ ಒಳಗೆ ತುರುಕಬಹುದೆಂಬಂತೆ. ಬಿಡಿ ಅತ್ತಿಗೆ, ಬಿಟ್ಬಿಡಿ, ಎಂದು ಅವಳ ಕಣ್ಣುಗಳು ಅಂಗಲಾಚಿದವು. ಆಟ ನಿಲ್ಲಿಸಲೆಂದು ತೀರ್ಪುಗಾರನ ಕೈ ಅರ್ಧ ಎದ್ದಿತು. ತಟ್ಟೆ ಬಲಕ್ಕೆ, ನೆಲಕ್ಕೆ ಹತ್ತಿರದಲ್ಲಿ, ತಪ್ಪಿಸಿಕೊಳ್ಳುವ ಅವಸರದಲ್ಲೇ ಸಾಗಿತ್ತು. ಬಂದೂಕಿನ ನಳಿಗೆ ಅದರ ಹಿಂದೆ ಹೊರಟಿತು, ಅವಸರವಿಲ್ಲದೆ, ದಾರಿ ಗೊತ್ತಿರುವವರ ನಡಿಗೆಯಂತೆ. ಒಂದೇ ಗುಂಡು. ತಟ್ಟೆಯೊಳಗೆ ತುಂಬಿದ್ದ ಗುಲಾಬಿ ಬಣ್ಣದ ಪುಡಿ ಆಕಾಶದಲ್ಲಿ ಹರಡಿಕೊಂಡಿತು.

ತೀರ್ಪುಗಾರ ಹತ್ತಿರ ಬಂದ. "ನೀವು ಕರೆದಿರಲಿಲ್ಲ."

ಅತ್ತಿಗೆ ಇಲ್ಲವೆಂದು ತಲೆಯಾಡಿಸಿದಳು.

"ಬಿಟ್ಟಿದ್ರೆ ಬೇರೆ ಕೊಡ್ತಿದ್ದೆ. ಹೊಡೆದಿದ್ದೀರಿ. ಅದೇ ಲೆಕ್ಕ," ಎಂದು ಅವನು ಅವಳ ಕಡೆಗೆ ಕೈ ಎತ್ತಿದ. ಗ್ಯಾಲರಿ ಎದ್ದು ನಿಂತಿತು. ಬಿಳಿ ಟೋಪಿಯವಳು ಟೋಪಿ ತೆಗೆದು, ಅತ್ತಿಗೆಯ ಕೈ ಕುಲುಕಿ ಸರಿದಳು.

ನಾದಿನಿ ಬೇಲಿ ದಾಟಿ ಓಡಿಬಂದಳು. ಅಳುತ್ತಿದ್ದಾಳೋ ಜಗಳಕ್ಕೆ ನಿಂತಿದ್ದಾಳೋ ಹೇಳುವುದು ಕಷ್ಟವಾಗಿತ್ತು. "ಬಿಡಬಾರದಿತ್ತಾ ಅತ್ತಿಗೆ? ಅವನು ಅಷ್ಟು ಬಿಡಿಸಿ ಹೇಳಿದ್ದ. ತಪ್ಪಿದ್ದಿದ್ರೆ? ನನ್ನ ನಾಲಿಗೆಯಿಂದ ಹೋಯ್ತು ಅಂತ ನಾನು ಸಾಯೋವರೆಗೂ ಕೊರಗಬೇಕಿತ್ತು. ಕರೆಯದೇ ಬಂದದ್ದನ್ನ ಯಾರಾದ್ರೂ ಹೊಡೀತಾರಾ?"

ಅತ್ತಿಗೆ ಬಂದೂಕನ್ನು ನಡುವೆ ಮಡಚಿ ತೆರೆದು, ಚಿಮ್ಮಿದ ಖಾಲಿ ತೋಟಾವನ್ನು ಗಾಳಿಯಲ್ಲೇ ಹಿಡಿದು, ನಾದಿನಿಯ ಅಂಗೈಯಲ್ಲಿಟ್ಟಳು, ಅದಿನ್ನೂ ಬಿಸಿಯಾಗಿತ್ತು. ಆಮೇಲೆ ಅವಳ ಕಿವಿಯನ್ನು ಹತ್ತಿರಕ್ಕೆಳೆದುಕೊಂಡು, ಉಳಿದಿದ್ದ ಅಷ್ಟೂ ದನಿಯನ್ನು ಅದರೊಳಗೆ ಸುರಿದಳು.

"ಕೂಗೋದಕ್ಕೆ ಮುಂಚೇನೇ ಬಂದು ನಿಂತ ಗಿರಾಕೀನ ಯಾರಾದ್ರೂ ವಾಪಸ್ ಕಳಿಸ್ತಾರೇನೇ?"