ಸಂಗಮದ ಮೆಟ್ಟಿಲು

"ಪ್ಲಾಸ್ಟರ್ ಹಾಕಿದ್ರೂ ನಡೀತದ. ಭಾಳ ಮಕ್ಕಳಿಗೆ ಅಷ್ಟೇ ಸಾಕು," ಎಂದರು ಡಾಕ್ಟರು, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ಆದ್ರ ಈಕಿ ಎಲುಬು ಬೆಳೆಯೋ ಜಾಗದಾಗೇ ಸರದದ. ಸೊಟ್ಟ ಕೂಡಿದ್ರೂ ಕೂಡಬಹುದು. ಆಪರೇಶನ್ ಮಾಡಿ ತಂತಿ ಹಾಕಿದ್ರ ಆ ಅಂಜಿಕಿ ಕಡಿಮಿ, ಖರೆ ಗಾಯದ ಗುರುತು ಉಳೀತದ. ಮನಿಯವರು ವಿಚಾರ ಮಾಡಿ ಹೇಳ್ರಿ."

ಹೇಳಿ ಅವರು ಮುಂದಿನ ಮಂಚಕ್ಕೆ ಹೋದರು. ಈ ಮನೆಯವರು ವಿಚಾರ ಮಾಡುವುದೆಂದರೆ ಎಲ್ಲರೂ ಒಟ್ಟಿಗೇ ಮಾತಾಡುವುದು ಎಂದು ಪಾಪ, ಅವರಿಗೇನು ಗೊತ್ತು! ಪಂಚಮಿ ಜೋಕಾಲಿಯಿಂದ ಹಾರಿ ಪಾದದ ಕೀಲು ಮುರಿದುಕೊಂಡ ಒಂಬತ್ತು ವರ್ಷದ ಮಂದಾಕಿನಿಯ ಹಿಂದೆ ಅಪ್ಪ ವ್ಯಂಕಟೇಶ, ಅವ್ವ ನರ್ಮದಾ, ಅಜ್ಜ ಪ್ರಹ್ಲಾದರಾಯರು, ಅಜ್ಜಿ ಜಾನಕೀಬಾಯಿ ಎಲ್ಲರೂ ಅಫಜಲಪುರದಿಂದ ಬಸ್ಸು ಹತ್ತಿ ಗುಲಬರ್ಗಾದ ದವಾಖಾನೆಗೆ ಬಂದಿದ್ದರು. ಹುಡುಗಿ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತಿದ್ದಳು.

"ಚಾಕು ಹಚ್ಚಿಸೋದು ಬ್ಯಾಡ. ಪ್ಲಾಸ್ಟರೇ ಇರಲಿ," ಎಂದ ವ್ಯಂಕಟೇಶ. ಅವನಿಗೆ ಸೂಜಿ ಕಂಡರೇ ಕಣ್ಣು ಕತ್ತಲೆ.

"ಹೌದ್ರಿ, ಹೆಣ್ಣುಹುಡುಗಿ. ನಾಳೆ ನೋಡ್ಲಾಕ ಬಂದವರು ಕಾಲಾಗಿನ ಗುರುತು ಕಂಡ್ರ ಏನಂತಾರ?" ಎಂದಳು ನರ್ಮದಾ.

"ಆಪರೇಶನ್ನೇ ಮಾಡಿಸ್ರಿ," ಎಂದರು ಜಾನಕೀಬಾಯಿ.

ಎಲ್ಲರೂ ಅವರತ್ತ ತಿರುಗಿದರು. ತಲೆನೋವಿಗೆ ಒಂದು ಗುಳಿಗೆಯನ್ನೂ ನುಂಗದ ಮುದುಕಿ! ವ್ಯಂಕಟೇಶ ರೇಗಿದ. "ಅವ್ವಾ, ನೀ ಸುಮ್ಮನಿರು. ಸೊಟ್ಟ ಕೂಡಬಹುದು ಅಂದ್ರ ಕೂಡೇ ಬಿಡತದ ಅಂತಲ್ಲ. ಕೂಡಿದ್ರ ಕೂಡಲಿ, ನೀನೂ ಕುಂಟಿಕೋತನೇ ಸಂಸಾರ ಮಾಡಿಲ್ಲೇನು?"

ಜಾನಕೀಬಾಯಿಯ ಕುಂಟಿನ ಕಥೆ ಮನೆಗೆ ಬಂದ ಬೀಗರಿಗೂ ಗೊತ್ತು. ಮದುವೆ ಗೊತ್ತಾಗಿ ಇನ್ನೂ ತವರಿನಲ್ಲಿದ್ದಾಗ ಗಾಣಗಾಪುರಕ್ಕೆ ಸ್ನಾನಕ್ಕೆಂದು ಹೋಗಿ ಸಂಗಮದ ಮೆಟ್ಟಿಲ ಮೇಲೆ ಜಾರಿದ್ದರು. ಆ ಮೆಟ್ಟಿಲಿಗೆ ಪ್ರಹ್ಲಾದರಾಯರು ಬೈದ ಬೈಗಳು ಒಂದೆರಡಲ್ಲ. ಹುಣ್ಣಿಮೆಗೆ ಸ್ನಾನಕ್ಕೆ ಹೋದಾಗಲೆಲ್ಲ, "ಹುಷಾರ, ಹಾಳಾದ ಮೆಟ್ಟಲು, ಇಲ್ಲೇ ಜಾರಿದ್ದಿ," ಎನ್ನುತ್ತ ಹೆಂಡತಿಯ ಕೈ ಹಿಡಿದೇ ಇಳಿಸುತ್ತಿದ್ದರು.

ಜಾನಕೀಬಾಯಿ ಗಂಡನ ಮುಖ ನೋಡಿದರು, ಮೊಮ್ಮಗಳ ಕಾಲು ನೋಡಿದರು. ಈ ವಯಸ್ಸಿನಲ್ಲಿ ಗಂಡನೆದುರು ಸುಳ್ಳುಗಾತಿ ಆಗಬೇಕಲ್ಲಪ್ಪಾ ಎಂದುಕೊಂಡರು.

"ನಾ ಸಂಗಮದಾಗ ಜಾರಿಲ್ಲ," ಎಂದರು ಮೆಲ್ಲಗೆ. "ಈಕಿ ವಯಸ್ಸಿನಾಗೇ ಹುಣಸಿ ಗಿಡದಿಂದ ಬಿದ್ದಿದ್ದೆ. ಬಿದಿರಿನ ದಬ್ಬಿ ಇಟ್ಟು ಕಟ್ಟಿದ್ರು, ಸೊಟ್ಟ ಕೂಡ್ತು. ಇವರು ನೋಡ್ಲಾಕ ಬಂದಾಗ ನಮ್ಮವ್ವ ಮೊದಲೇ ಕಟ್ಟಿಗಿ ಮಣಿ ಮ್ಯಾಲ ಕೂಡ್ಸಿ ಹಾಡು ಹೇಳಿಸಿದ್ಲು. ಎದ್ದು ನಡೀಲಾಕ ಬಿಡಲೇ ಇಲ್ಲ. ಗಾಯದ ಗುರುತು ಸೀರಿ ಮುಚ್ಚತದ, ನರ್ಮದಾ. ಕುಂಟೋದು ಮುಚ್ಚಲಾಕ ಜೀವಮಾನ ಸುಳ್ಳು ಹೇಳಬೇಕಾಗತದ. ನನ್ನ ಕೂಸಿಗೆ ಅದು ಬ್ಯಾಡ."

ವ್ಯಂಕಟೇಶ ಹೆದರಿ ಅಪ್ಪನ ಕಡೆ ನೋಡಿದ. ಪ್ರಹ್ಲಾದರಾಯರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಡಚಿ ಬಾಯಿಗಿಟ್ಟುಕೊಂಡು, "ಹೋಗು, ಆಪರೇಶನ್ ಮಾಡ್ರಿ ಅಂತ ಡಾಕ್ಟರಿಗೆ ಹೇಳಿ ಬಾ," ಎಂದರು.

ಮಗ ಹೋದ. ಜಾನಕೀಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಿಮಗ ಮೋಸ ಮಾಡಿದೆ."

"ಎಲ್ಲೀ ಮೋಸ? ಅವತ್ತು ನಿಮ್ಮ ಮನ್ಯಾಗ ಟೊಪ್ಪಿಗಿ ಮರತು ಹೊಳ್ಳಿ ಬಂದಿದ್ದೆ. ನೀ ಅವಲಕ್ಕಿ ತಾಟು ಹಿಡಕೊಂಡು ಅಂಗಳದಾಗ ಕುಂಟಿಕೋತ ಹೊಂಟಿದ್ದಿ. ಟೊಪ್ಪಿಗಿ ತಗೊಂಡು ಹೋಗಿ ನಮ್ಮಪ್ಪಗ ಹುಡುಗಿ ಪಸಂದ ಅಂತ ಹೇಳಿದೆ."

ಜಾನಕೀಬಾಯಿಗೆ ಅಳು ಹೋಗಿ ಸಿಟ್ಟೇ ಬಂತು. "ಅಯ್ಯ ಶಿವನೇ! ಎಲ್ಲಾ ಗೊತ್ತಿದ್ದೂ ಇಷ್ಟು ವರ್ಷ ಆ ಮೆಟ್ಟಲಿಗೆ ಬೈಕೋತ ಬಂದ್ರೇನು?"

"ಮತ್ತ?" ಎಂದರು ಪ್ರಹ್ಲಾದರಾಯರು. "ಮಂದಿ ಮುಂದ ನಿನ್ನ ಕೈ ಹಿಡೀಲಾಕ ನನಗೂ ಒಂದು ನೆವ ಬೇಕಿತ್ತಲ್ಲ."