ವಾಪಸ್ ತರಿಸಿಕೊಂಡ ರಿವಾಲ್ವರ್

ತಮ್ಮನ ಜೀವ ತೆಗೆದ ಪುಟ್ಟ ರಿವಾಲ್ವರನ್ನು ಉತ್ತಯ್ಯ ಮೇಜಿನ ಮೇಲಿಟ್ಟ. ಗುಂಡು ಹಾರಿಸಿದವನೆಂದು ತಮ್ಮನ ಗೆಳೆಯ ಮಂದಣ್ಣನನ್ನು ಅವನು ಅಂದೇ ಅಂಗಳದಲ್ಲಿ ಕತ್ತಿಯಿಂದ ಕಡಿದು ಹಾಕಿ, ಜೈಲಿಗೂ ಹೋಗಿ ಬಂದಿದ್ದ. ಅದಕ್ಕಾಗಿ ಅವನೆಂದೂ ಮರುಗಿರಲಿಲ್ಲ.

ಹಳೆಯ ಕೋವಿಗಳನ್ನು ಸಂಗ್ರಹಿಸುವ ವಕೀಲರು ಅದನ್ನು ತಿರುಗಿಸಿ ನೋಡಿ ಹಿಗ್ಗಿದರು.

“ಕೇಳಿದಷ್ಟು ಕೊಡ್ತೀನಿ ಉತ್ತಯ್ಯನವರೇ. ತಯಾರಿಸಿದ ಕಂಪನಿಯವರೇ ಇಂಥವನ್ನೆಲ್ಲ ವಾಪಸ್ ತರಿಸ್ಕೊಂಡು ಕರಗಿಸಿಬಿಟ್ರು. ಉಳಿದಿರೋದು ಬೆರಳೆಣಿಕೆಯಷ್ಟು, ಅದಕ್ಕೇ ಇಷ್ಟು ಬೆಲೆ.”

“ಯಾಕೆ ತರಿಸ್ಕೊಂಡ್ರು?”

“ನೆಲಕ್ಕೆ ಬಿದ್ರೆ ಸಾಕಿತ್ತು, ಯಾರೂ ಟ್ರಿಗರ್ ಒತ್ತದೇನೇ ತಾನಾಗಿ ಗುಂಡು ಹಾರ್ತಿತ್ತು.”

ಉತ್ತಯ್ಯ ಮೇಜಿನಿಂದ ಹಿಂದೆ ಸರಿದ.

“ಉತ್ತಯ್ಯಣ್ಣ, ನಾನು ಹೊಡೀಲಿಲ್ಲ, ಕೈಜಾರಿ ಬಿತ್ತು!” ಎಂದು ಅಂದು ಕಾಲು ಹಿಡಿದು ಅರಚುತ್ತಿದ್ದ ಮಂದಣ್ಣನ ಕೊರಳಿಗೆ ಅವನು ಎರಡನೇ ಏಟು ಹಾಕಿದ್ದ.