ಎಡಕ್ಕೆ ಸರೋವರ

"ಪೂರ್ವದ ದಂಡೆನೋ ಪಶ್ಚಿಮದ ದಂಡೆನೋ, ಅಷ್ಟು ಹೇಳಿ ಸಾಕು ಸೈಮಕ್ಕ," ಎಂದ ಎಸ್ಕೊ. ಬೂಟಿನ ಹಿಮ ಕೊಡವುವಷ್ಟೂ ವ್ಯವಧಾನವಿರಲಿಲ್ಲ ಅವನಿಗೆ.

ಸೈಮಾಗೆ ಗೊತ್ತಿದ್ದರೆ ತಾನೆ ಹೇಳುವುದು? ಗಂಡ ಆರ್ವೊ ಆ ಮಂಗಳವಾರ ಬೆಳಿಗ್ಗೆ ಕ್ಯಾಮೆರಾ ಹೊತ್ತು ಹೋದವನು ಊಟಕ್ಕೆ ಬರಬೇಕಿತ್ತು. ಹನ್ನೊಂದಕ್ಕೆ ಹಿಮಗಾಳಿ ಎದ್ದಿತು. ಈಗ ಮೂರೂವರೆ. ಅವನ ಟ್ರಕ್ಕು ಹಳೇ ತಾಮ್ರದ ಗಣಿಯ ಚಿಮಣಿಯ ಬುಡದಲ್ಲಿ ಸಿಕ್ಕಿತ್ತು. ಹೆಜ್ಜೆ ಗುರುತೆಲ್ಲ ಮುಚ್ಚಿಹೋಗಿತ್ತು.

ಆ ಚಿಮಣಿಯಿಂದ ಉತ್ತರಕ್ಕೆ ನೆಲ ಸುಪೀರಿಯರ್ ಸರೋವರದೊಳಕ್ಕೆ ನಾಲಗೆಯ ಹಾಗೆ ಒಂಬತ್ತು ಮೈಲಿ ಚಾಚಿಕೊಂಡಿದೆ. ಎರಡೂ ಕಡೆ ನೀರು, ನಡುವೆ ಚಳಿಗಾಲದಲ್ಲಿ ದಾಟಲಾಗದ ಕಾಡುಗುಡ್ಡ. ಸೊಂಟದ ಮಟ್ಟದ ಹಿಮದಲ್ಲಿ, ಹುಡುಕಲು ಸೇರಿದ್ದ ಇಪ್ಪತ್ತೆರಡು ಜನ ಒಂದು ದಂಡೆ ಜಾಲಾಡಬಹುದು, ಎರಡನ್ನಲ್ಲ. ಎಸ್ಕೊ ಷೆರಿಫನ ಸಹಾಯಕ; ಪಕ್ಕದ ಮನೆಯವನೂ ಹೌದು. ಮುಚ್ಚುಮರೆಯಿಲ್ಲದೆ ಹೇಳಿದ. ಆರ್ವೊ ಕಾಲು ಗೀಲು ಮುರಿದುಕೊಂಡು ಬಿದ್ದಿದ್ದರೆ, ಬೆಂಕಿ ಹಚ್ಚಿಕೊಂಡರೂ ಎರಡು ದಿನ. ಹೆಚ್ಚೆಂದರೆ ಮೂರು.

ಆರ್ವೊ ತನ್ನ ಜಾಗವನ್ನು ಹೆಂಡತಿಗೂ ತೋರಿಸಿದವನಲ್ಲ. ಮೀನು ಸಿಗುವ ಜಾಗವನ್ನು ಸ್ವಂತ ಅಣ್ಣನಿಂದಲೂ ಬಚ್ಚಿಡುವ ಜನ ನಮ್ಮೂರಿನವರು. ಅವನು ಬಚ್ಚಿಟ್ಟದ್ದು ಒಂದು ಬಾಗಿದ ಪೈನ್ ಮರ, ಅದರಾಚೆಯ ಹೆಪ್ಪುಗಟ್ಟಿದ ನೀರು. ಮೂವತ್ತು ಚಳಿಗಾಲ ಅದನ್ನೇ ಕಪ್ಪುಬಿಳುಪಿನಲ್ಲಿ ತೆಗೆದ. ಚಿತ್ರಗಳು ಕ್ಯಾಲೆಂಡರಿನಲ್ಲಿ ಬಂದವು. ಷಿಕಾಗೋದ ಫೋಟೊಗ್ರಾಫರೊಬ್ಬ ಆ ಕ್ಯಾಲೆಂಡರ್ ಹಿಡಿದುಕೊಂಡು ಎರಡು ವರ್ಷ ದಂಡೆಯಲ್ಲಿ ಅಲೆದು, ಚಳಿಗೆ ಕಾಲ್ಬೆರಳು ಕಪ್ಪಗಾಗಿಸಿಕೊಂಡು ವಾಪಸು ಹೋದ. ಆರ್ವೊ ಕಾಫಿ ಚೆಲ್ಲುವಷ್ಟು ನಕ್ಕಿದ್ದ. "ನನ್ನ ಫೋಟೊ ನೋಡ್ಕೊಂಡು ನನ್ನ ಜಾಗ ಹುಡುಕ್ತಾನಂತೆ, ಪಾಪ," ಎಂದು ಸೈಮಾಗೆ ಕಣ್ಣು ಹೊಡೆದಿದ್ದ. ಅವಳಿಗೂ ನಗು ತಡೆಯಲಾಗಿರಲಿಲ್ಲ.

ಈಗ ಅವಳಿಗೆ ಥಟ್ಟನೆ ನೆನಪಾಯಿತು, ಎಸ್ಕೊಗೆ ಹೇಳಿದಳು. ನಿನ್ನೆ ಆರ್ವೊ ತೆಗೆದ ಫಿಲ್ಮ್ ರೋಲ್ ಇನ್ನೂ ತೊಳೆಯದೆ ಹಾಗೇ ಇದೆ. ಬೆಳಕು ಸರಿಯಿರಲಿಲ್ಲ, ನಾಳೆ ಅಲ್ಲೇ ನಿಂತು ಇನ್ನೊಂದು ಸಲ ತೆಗೆಯುತ್ತೇನೆ ಎಂದಿದ್ದ.

"ಅಲ್ಲಿಗೇ ಹೋಗಿರ್ತಾನೆ ಅಂತ ಖಾತ್ರಿನಾ?" ಎಂದ ಎಸ್ಕೊ.

"ಅವರು ಜಾಗ ಬದಲಾಯಿಸೋರಲ್ಲ."

ಹಿತ್ತಿಲಿನ ಸೌನಾದಲ್ಲಿ ಶನಿವಾರ ಮನೆಯವರೆಲ್ಲ ಹಬೆಯಲ್ಲಿ ಬೆವರುವುದು. ಉಳಿದ ದಿನ ಅದು ಸೈಮಾಳ ಡಾರ್ಕ್‌ರೂಂ. ತೆಗೆಯುವುದು ಅವನು, ತೊಳೆದು ಪ್ರಿಂಟ್ ಹಾಕುವುದು ಅವಳು. ಹಿಮ ಬೂದಿಬಣ್ಣಕ್ಕೆ ತಿರುಗಬಾರದು ಎನ್ನುವುದೂ ಸೇರಿ ಅವನದು ಹತ್ತಾರು ಕಟ್ಟಳೆ. ಮದುವೆಯಾದ ಹೊಸದರಲ್ಲಿ ಬೈಸಿಕೊಂಡು ಕಲಿತಿದ್ದಳು. ಈಗ ಅವು ತಲೆಯಲ್ಲಿರಲಿಲ್ಲ, ಕೈಯಲ್ಲಿದ್ದವು. ಒಲೆ ಉರಿಸಿ ಫಿಲ್ಮನ್ನು ಅದರ ಕಾವಿನಲ್ಲೇ ಒಣಗಿಸಿದಳು. ಕಣ್ಣೀರು ಸುರಿಯುತ್ತಿತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಕೊನೆಯ ಚಿತ್ರದಲ್ಲಿ ಆರ್ವೊ ಎಂದೂ ಮಾಡದ್ದನ್ನು ಮಾಡಿದ್ದ. ಮರದ ಆಚೆಗೆ ಹೋಗಿ, ಊರಿನತ್ತ ತಿರುಗಿ ತೆಗೆದಿದ್ದ. ಹಾಳೆಯ ಮೇಲೆ ಮೊದಲು ಬಾಗಿದ ಮರ ಮೂಡಿತು. ಆಮೇಲೆ, ದೂರದಲ್ಲಿ, ಕಡ್ಡಿಯಷ್ಟು ಸಣ್ಣಗೆ, ಗಣಿಯ ಚಿಮಣಿ.

ಎಸ್ಕೊ ಒದ್ದೆ ಪ್ರಿಂಟನ್ನೇ ಕಿತ್ತುಕೊಂಡ. "ಎದುರಿಗೆ ಚಿಮಣಿ, ಅಂದ್ರೆ ದಕ್ಷಿಣಕ್ಕೆ ಮುಖ. ಎಡಕ್ಕೆ ಸರೋವರ. ಪೂರ್ವದ ದಂಡೆ." ಅವಳ ಭುಜ ಹಿಡಿದು ಅಲುಗಿಸಿದ. "ಬದುಕಿಸಿಬಿಟ್ರಿ ಸೈಮಕ್ಕ."

ಬುಧವಾರ ಪೂರ್ವದ ದಂಡೆಯಲ್ಲಿ ಹುಡುಕಿದರು. ಬಾಗಿದ ಮರಗಳು ಬೇಕಾದಷ್ಟಿದ್ದವು, ಯಾವುದೂ ಅದಲ್ಲ. ಗುರುವಾರ ತುದಿಯವರೆಗೂ ಹೋಗಿ ಬಂದರು. ಇಬ್ಬರ ಮೂಗಿನ ತುದಿ ಚಳಿಗೆ ಸತ್ತುಹೋಯಿತು. ಸೈಮಾ ಎರಡೂ ದಿನ ಅವರಿಗೆಂದು ಏಲಕ್ಕಿ ಬ್ರೆಡ್ ಬೇಯಿಸಿದಳು. ಗುರುವಾರದ್ದನ್ನು ಯಾರೂ ಮುಟ್ಟಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ.

ಶುಕ್ರವಾರ ಪಶ್ಚಿಮದ ಕಡೆ ಮೀನಿಗೆಂದು ಮಂಜುಗಡ್ಡೆಯ ಮೇಲೆ ಹೋದವನೊಬ್ಬನಿಗೆ ಆರ್ವೊ ಸಿಕ್ಕಿದ. ತೊಡೆಯ ಮೂಳೆ ಮುರಿದಿತ್ತು. ಪಕ್ಕದಲ್ಲಿ ಬೂದಿ, ಖಾಲಿ ಬೆಂಕಿಪೊಟ್ಟಣ, ಕೈಗೆಟಕುವಷ್ಟು ದೂರದ ಕೊಂಬೆಗಳೆಲ್ಲ ಮುರಿದು ಉರಿಸಿದ ಗುರುತು. ಗುರುವಾರ ಸಂಜೆಯವರೆಗೂ ಜೀವ ಇತ್ತು ಎಂದರು ಡಾಕ್ಟರು.

ಎಸ್ಕೊ ಅಡುಗೆಮನೆಯಲ್ಲಿ ಟೊಪ್ಪಿ ಹಿಚುಕುತ್ತ ಕೂತ. ತಪ್ಪು ದಂಡೆಗೆ ಜನ ಕಳಿಸಿದವನು ನಾನೇ, ಇದು ಸಾಯುವವರೆಗೂ ನನ್ನ ತಲೆಯ ಮೇಲೇ ಎಂದ. ಆಮೇಲೆ, ಸಮಾಧಾನ ಹೇಳಿಕೊಳ್ಳುವವನಂತೆ, "ಆರ್ವಣ್ಣ ಯಾಕೋ ಅವತ್ತು ಜಾಗ ಬದಲಾಯಿಸ್ಬಿಟ್ಟ. ವಿಚಿತ್ರ ನೋಡಿ, ಅವನು ಬಿದ್ದಿದ್ದ ಕಡೆನೂ ಒಂದು ಬಾಗಿದ ಮರ ಇದೆ. ಥೇಟ್ ಫೋಟೊದಲ್ಲಿರೋ ಥರ."

ಸೈಮಾ ಎದ್ದಳು. ಕೋಟನ್ನೂ ಹಾಕಿಕೊಳ್ಳದೆ ಹಿತ್ತಿಲು ದಾಟಿ ಸೌನಾದೊಳಗೆ ಹೋದಳು. ಪ್ರಿಂಟ್ ಹಾಕುವ ಯಂತ್ರದಲ್ಲಿ ಮಂಗಳವಾರ ಅವಳೇ ಇಟ್ಟ ನೆಗೆಟಿವ್ ಹಾಗೇ ಇತ್ತು. ದೀಪ ಹಾಕಿ ನೋಡಿದಳು. ಫಿಲ್ಮಿನ ಅಂಚಿನ ಅಂಕಿಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿದ್ದವು.

ತನ್ನ ಜಾಗ ಯಾರಿಗೂ ಸಿಗಬಾರದೆಂದು ಆರ್ವೊ ಮೂವತ್ತು ವರ್ಷದ ಹಿಂದೆ ಹಾಕಿದ ಮೊದಲ ಕಟ್ಟಳೆಯಂತೆ, ಅವಳ ಕೈ ಅವತ್ತೂ ನೆಗೆಟಿವನ್ನು ಮಗುಚಿಯೇ ಇಟ್ಟಿತ್ತು; ಸರೋವರ ಇದ್ದದ್ದು ಬಲಕ್ಕೆ.